ತಾಯಿಯ ಹೆಸರು

ಹಂಚಿನ ಮೇಲಿನ ರೊಟ್ಟಿ ಉಬ್ಬುತ್ತಿದ್ದಾಗ ಓಣಿಯಲ್ಲಿ ಗಂಟೆ ಕೇಳಿಸಿತು. ತ್ರಿವೇಣಿ ರೊಟ್ಟಿ ತಿರುವಿ ಹಾಕಿದಳು. ಖಾಸಬಾಗದಿಂದ ಮೊದಲ ಬಸ್ಸಿಗೆ ಖಾನಾಪುರಕ್ಕೆ ಬಂದಳೆಂದರೆ ಅಕ್ಕ ಮಾಯಕ್ಕನ ಒಲೆ ಅವಳದೇ. ತಿಂಗಳಿಗೊಮ್ಮೆ ಹೀಗೆ ಬರುವುದು ಆರು ವರ್ಷದ ರೂಢಿ. ಉಟ್ಟದ್ದು ಬದಲಿಸಲೆಂದು ಅವಳದೊಂದು ಹಸಿರು ಸೀರೆ ಇಲ್ಲಿಯ ಗೂಟದಲ್ಲಿ ಸದಾ ತೂಗುತ್ತಿತ್ತು.

ಗಂಟೆ ಪಟ್ಟಣ ಪಂಚಾಯಿತಿಯದು. ದಾಖಲೆಯಿಲ್ಲದ ಮಕ್ಕಳ ಜನನವನ್ನು ಮನೆ ಬಾಗಿಲಲ್ಲೇ ಬರೆದುಕೊಂಡು, ಕೆಲವೇ ದಿನಗಳಲ್ಲಿ ಪ್ರಮಾಣಪತ್ರ ತಂದುಕೊಡುವ ಪದ್ಧತಿ ಈ ವರ್ಷ ಶುರುವಾಗಿತ್ತು. ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದ ಹೆಂಗಸರು ಈಗ ತಮ್ಮ ಕಟ್ಟೆಯ ಮೇಲೆ ಕೂತೇ ಬರೆಸುತ್ತಿದ್ದರು. ಮಾಯಕ್ಕನೂ ಇದನ್ನೇ ಕಾಯುತ್ತಿದ್ದಳು. ಕಾಗದವಿಲ್ಲವೆಂದು ಹೆಡ್‌ಮಾಸ್ತರರು ಮಗಳು ಅನುರಾಧಾಳನ್ನು ಶಾಲೆಯಿಂದ ಎರಡು ಸಲ ತಿರುಗಿ ಕಳಿಸಿದ್ದರು. ಆದರೆ ಈಗ ಮಾಯಕ್ಕ ನೀರಿಗೆ ಹೋಗಿದ್ದಳು.

ಗುಮಾಸ್ತ ಚನ್ನಬಸಯ್ಯ ಬೈಲಹೊಂಗಲದ ಕಡೆಯವನು, ಈ ಊರಿಗೆ ಬಂದು ತಿಂಗಳಾಗಿರಲಿಲ್ಲ. ಕಟ್ಟೆಯ ಮೇಲೆ ಕೂತು, ಬಾಗಿಲಲ್ಲಿದ್ದ ಅನುರಾಧಾಳನ್ನು ಕೇಳಿದ, "ನಿಮ್ಮ ತಾಯಿ ಎಲ್ಲದಾರವಾ?"

ಅನು ಒಳಗೆ ಓಡಿ ತ್ರಿವೇಣಿಯ ಸೆರಗು ಹಿಡಿದು ಎಳೆತಂದಳು. "ಈಕಿನ ನಮ್ಮ ತಾಯಿ. ತ್ರಿವೇಣಿ ತಾಯಿ."

ಓಣಿಯ ತುಂಬ ಮರಾಠಿ ಮಕ್ಕಳು. ಅವರ ಮಾತಿನಲ್ಲಿ ತಾಯಿ ಎಂದರೆ ಅಕ್ಕ. ಮಾಯಕ್ಕನಿಗೆ ಅವ್ವ ಎನ್ನುವ ಅನು, ಬಂದು ಹೋಗುವ ತ್ರಿವೇಣಿಗೆ ಆ ಮಕ್ಕಳ ಹಾಗೆ ತಾಯಿ ಎನ್ನುತ್ತಿದ್ದಳು. ಮೂರು ಕೂಸು ಕಳೆದುಕೊಂಡಿದ್ದ ಅಕ್ಕನಿಗಾಗಿ ತ್ರಿವೇಣಿ ಇದೇ ಮನೆಯಲ್ಲಿ ಹೆತ್ತು, ಹದಿಮೂರನೆಯ ದಿನ ಕೂಸನ್ನು ಅವಳ ಉಡಿಗೆ ಹಾಕಿದ್ದಳು. ಅದನ್ನು ಅನುಗೆ ಯಾರೂ ಹೇಳಿರಲಿಲ್ಲ. ಹುಡುಗಿ ಮರಾಠಿಯಲ್ಲಿ ಕರೆದದ್ದನ್ನು ತ್ರಿವೇಣಿ ಕನ್ನಡದಲ್ಲಿ ಕೇಳಿಸಿಕೊಳ್ಳುತ್ತಿದ್ದಳು. ಅದಕ್ಕೆಂದೇ ಬರುತ್ತಿದ್ದಳು.

ಚನ್ನಬಸಯ್ಯ ಬರೆದು ಓದಿದ. "ಮಗು, ಅನುರಾಧಾ. ತಾಯಿ, ತ್ರಿವೇಣಿ. ಬರೋಬ್ಬರಿ ಐತಲ್ರಿ?"

ಶಾಯಿ ಇನ್ನೂ ಹಸಿಯಾಗಿತ್ತು. ಎರಡು ಹೆಸರು, ಒಂದರ ಕೆಳಗೊಂದು. ತ್ರಿವೇಣಿ ಬಗ್ಗಿ ಎರಡನ್ನೂ ಇನ್ನೊಮ್ಮೆ ಓದಿ ತಲೆ ಎತ್ತಿದಳು. ಅಂಗಳದ ತುದಿಯಲ್ಲಿ ಕೊಡ ಹೊತ್ತು ಮಾಯಕ್ಕ ನಿಂತಿದ್ದಳು. ಯಾವಾಗ ಬಂದಳೋ. ತುಳುಕಿದ ನೀರು ಹೆಗಲಿಗೆ ಇಳಿಯುತ್ತಿದ್ದರೂ ಅವಳು ಅಲುಗಲಿಲ್ಲ.

ಒಳಗಿನಿಂದ ರೊಟ್ಟಿ ಹೊತ್ತಿದ ವಾಸನೆ ಬಂತು.

"ತಪ್ಪ ಬರದೀರಿ ಸಾಹೇಬ್ರ," ಎಂದಳು ತ್ರಿವೇಣಿ. "ಈ ಓಣ್ಯಾಗ ತಾಯಿ ಅಂದ್ರ ಅಕ್ಕ. ಇಕಿ ಅವ್ವ ಅಲ್ಲಿ ನಿಂತಾಳ ನೋಡ್ರಿ. ಮಾಯಕ್ಕ ಅಂತ ಬರೀರಿ."

"ಅಯ್ಯ, ನಿಮ್ಮೂರಾಗ ಒಂದ ಮಾತಿಗೆ ಎರಡ ಅರ್ಥ," ಚನ್ನಬಸಯ್ಯ ನಕ್ಕ. "ಹೊಡದ ಹಾಕಿದ್ದಕ್ಕ ನಿಮ್ಮದೊಂದು ಸಹಿ ಬೇಕಾಗತೈತಿ ಮತ್ತ."

ಅವಳು ಸೆರಗಿಗೆ ಹಿಟ್ಟು ಒರೆಸಿಕೊಂಡು, ಗೀಟು ಬಿದ್ದ ತನ್ನ ಹೆಸರಿನ ಪಕ್ಕ ತನ್ನದೇ ಹೆಸರು ಬರೆದಳು.

ಊಟಕ್ಕೆ ಕೂತಾಗ ಮಾಯಕ್ಕ ಸುಟ್ಟ ರೊಟ್ಟಿಯನ್ನೇ ತನ್ನ ತಾಟಿಗೆ ಹಾಕಿಕೊಂಡಳು. "ಒಂದ ಮಾತ ಹೇಳಲೇನ ತಂಗೀ?"

"ಬ್ಯಾಡ. ಪಲ್ಯ ನೀಡು."

ನಾಲ್ಕರ ಬಸ್ಸಿಗೆ ಹೊರಡುವಾಗ ತ್ರಿವೇಣಿ ಗೂಟದ ಸೀರೆ ತೆಗೆದು ಮಡಚಿ ಚೀಲಕ್ಕಿಟ್ಟಳು.

"ಅದ್ಯಾಕವಾ? ಇರಲಿ ಬಿಡು," ಎಂದಳು ಮಾಯಕ್ಕ.

"ಮಾಸೇತಿ. ಒಗದು ತರ್ತೀನಿ."

ಅನು ಬಾಗಿಲಲ್ಲಿ ಒಂಟಿಗಾಲಲ್ಲಿ ಕುಣಿಯುತ್ತಿದ್ದಳು. "ತಾಯಿ, ಮುಂದಿನ ತಿಂಗಳ ಬರೂಮುಂದ ಕುಂದಾ ತಾ."

"ನೀ ಸಾಲಿಗೆ ದಿನಾ ಹೋಗು," ಎಂದು ತ್ರಿವೇಣಿ ಅವಳ ಜಡೆ ಬಿಗಿದು ಕಟ್ಟಿದಳು.

ಸೀರೆ ಒಗೆದದ್ದೇ ಇತ್ತು. ಹೊಸ್ತಿಲು ದಾಟುವ ಮುಂಚೆ ಒಮ್ಮೆ ತಿರುಗಿ ನೋಡಿದಳು. ಹೊಗೆ ಹಿಡಿದ ಗೋಡೆಯಲ್ಲಿ, ಗೂಟದ ಕೆಳಗೆ, ಸೀರೆ ತೂಗಿದ್ದಷ್ಟು ಉದ್ದಕ್ಕೆ ಸುಣ್ಣ ಬೆಳ್ಳಗೆ ಉಳಿದಿತ್ತು.