ಏಣಿಯ ಕಾಲಿಗೆ ಹಾಸಿದ ಚೀಲ

ಮೋಡ ನೆತ್ತಿಯ ಮೇಲೆ ಬರುವ ತನಕ ನಮಗೆ ಮಾಳಿಗೆಯ ನೆನಪೇ ಆಗುವುದಿಲ್ಲ ನೋಡಿ! ಇರಕಲ್ಲಗಡದ ನಮ್ಮ ಮಣ್ಣಿನ ಮಾಳಿಗೆ ಹೋದ ವರ್ಷ ಮೊಮ್ಮಗಳ ತೊಟ್ಟಿಲ ಮೇಲೆಯೇ ಸೋರಿತ್ತು. ಈ ವರ್ಷವೂ ಮಣ್ಣು ಹಾಕುವುದು ತಡವಾಯಿತು. ಗುಡುಗು ಕೇಳಿದ್ದೇ ತಡ, ನನ್ನ ಗಂಡ ಗೋಣೆಪ್ಪ ನೀರು ಇಳಿಯಗೊಡದ ಕರಲು ಮಣ್ಣಿನ ಬುಟ್ಟಿ ತಲೆಗೇರಿಸಿ ಏಣಿಗೆ ಕಾಲಿಟ್ಟರು.

"ಲಗೂ ಏಣಿ ಹಿಡಿ ಹುಲಗಿ, ಮಳಿ ಬಂದ ಬಿಡ್ತು!"

ಅಂಗಳವನ್ನು ಆಗಷ್ಟೇ ಸೆಗಣಿಯಿಂದ ಸಾರಿಸಿದ್ದೆ. ಏಣಿಯ ಕಾಲು ಊರಿದರೆ ಸಾರಣೆ ಕಿತ್ತು ಹೋದೀತೆಂದು ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಸಿದವಳೂ ನಾನೇ. ಹತ್ತಲು ಸಲೀಸಾಗಲೆಂದು ಅವರು ಏಣಿಯ ಬುಡವನ್ನು ಗೋಡೆಯಿಂದ ಒಂದು ಮಾರು ದೂರ ಎಳೆದಿದ್ದರು.

ಪಕ್ಕದ ಮನೆಯ ಅಬೇದಾಬಿ ಓಡಿ ಬಂದಳು. ಭಾಗ್ಯನಗರದಲ್ಲಿ ಮನೆಗಳಿಗೆ ಬಣ್ಣ ಹಚ್ಚುವ ಅವಳಿಗೆ ದಿನವೂ ಏಣಿಯ ಕೆಲಸ.

"ಕಾಕಾ, ಇಳೀರಿ! ಏಣಿ ಜಾರ್ತೈತಿ!"

"ಸುಮ್ನಿರವಾ. ಎರಡನೇ ಮೆಟ್ಲದ ಮ್ಯಾಲ ನಿಂತು ಜಿಗದು ನೋಡೇನಿ. ಒಂಚೂರೂ ಅಲುಗಾಡಿಲ್ಲ."

"ಕೆಳಗ ಅಲುಗಾಡಂಗಿಲ್ರಿ. ಮ್ಯಾಲ ಹೋದಂಗ ಜಾರ್ತೈತಿ."

"ಹುಟ್ಟಿದಾಗಿಂದ ಹತ್ತೇನಿ, ನೀ ನನಗ ಕಲಸ್ತೀ?"

ಇವರು ನಾಲ್ಕನೇ ಮೆಟ್ಟಿಲೇರಿದರು. ನಾನು ಏಣಿಯನ್ನು ಎರಡೂ ಕೈಯಿಂದ ಹಿಡಿದೆ.

ಅಬೇದಾಬಿ ವಾದಕ್ಕೆ ನಿಲ್ಲಲಿಲ್ಲ. ಗೋಡೆಯ ಹತ್ತಿರ ಅಂಥದೇ ಇನ್ನೊಂದು ಚೀಲ ಹಾಸಿ, ನಮ್ಮ ಒನಕೆಯನ್ನೇ ಎತ್ತಿ, ಬುಡ ಅದರ ಮೇಲೆ ಬರುವಂತೆ ಗೋಡೆಗೆ ಓರೆಯಾಗಿ ಒರಗಿಸಿದಳು. ಕೆಳಗಡೆ ಒತ್ತಿದಳು, ನಿಂತಿತು. ತುದಿಯ ಹತ್ತಿರ ಒತ್ತಿದಳು. ಒನಕೆ ಸರ್ರನೆ ಜಾರಿ, ನೀರು ತುಂಬಿಟ್ಟ ಮಣ್ಣಿನ ಕೊಡಕ್ಕೆ ಬಡಿದು ಅದನ್ನು ಒಡೆದೇಬಿಟ್ಟಿತು.

"ನೀವು ಮ್ಯಾಲ ಹೋದಷ್ಟೂ ಏಣಿ ಗ್ವಾಡಿಗಿ ಜೋರಾಗಿ ಒತ್ತತೈತಿ, ಬುಡ ಹಿಂದಕ್ಕ ಸರೀತೈತಿ. ಅದನ್ನ ತಡಿಯಾದು ನೆಲದ ಹಿಡಿತ. ಸೆಗಣಿ ಹಸಿ ಐತಿ, ಮ್ಯಾಲ ಚೀಲ ಬ್ಯಾರೆ. ಇನ್ನೆಲ್ಲಿ ಹಿಡಿತ?"

ಇವರು ಒಡೆದ ಕೊಡ ನೋಡಿದರು, ನನ್ನ ಮುಖ ನೋಡಿದರು. ಬುಟ್ಟಿ ಕೆಳಗೆ ಬಿಟ್ಟು, ಒಂದೊಂದೇ ಮೆಟ್ಟಿಲು ಇಳಿದರು. ಅವರು ನೆಲ ಮುಟ್ಟಿದ ಮೇಲೆಯೇ ನಾನು ಏಣಿ ಬಿಟ್ಟೆ.

"ಸುಡುಗಾಡು ಅಂಗಳ!" ಎಂದು ಚೀಲ ಕಿತ್ತೆಸೆದೆ.

ಅಬೇದಾಬಿ ಗಟ್ಟಿ ನೆಲ ಸಿಗುವವರೆಗೆ ಸೆಗಣಿ ಕೆರೆದಳು. "ನಾಕು ಮೊಳ ಎತ್ತರಕ್ಕ ಒಂದು ಮೊಳ ದೂರ. ಇನ್ನೂ ಹತ್ರ ಇಟ್ರ ಹಿಂದಕ್ಕ ಮಗುಚತೀರಿ," ಎನ್ನುತ್ತಾ ಎರಡು ಗುಣಿ ತೋಡಿ ಕಾಲು ಊರಿಸಿದಳು. ನಾವಿಬ್ಬರು ಬುಡ ಹಿಡಿದೆವು, ಅವಳು ಬರಿಗೈಲಿ ಹತ್ತಿ ಏಣಿಯ ತುದಿಯನ್ನು ಗೋಡೆಯಿಂದ ಹೊರಚಾಚಿದ ತೊಲೆಗೆ ಕಟ್ಟಿದಳು. ಆಮೇಲೆ ಇವರು ಹತ್ತಿದರು. ಮಣ್ಣಿನ ಬುಟ್ಟಿ ಹಗ್ಗದಲ್ಲಿ ಮೇಲೆ ಹೋಯಿತು.

ಅರ್ಧ ಮಾಳಿಗೆಗೆ ಹಾಕುವಷ್ಟರಲ್ಲಿ ಮಳೆ ಬಂತು. ಒಂದು ಮೂಲೆ ಸೋರಿತು. ಸೋರಲಿ! ತೊಟ್ಟಿಲು ಸರಿಸಿದೆವು. ಮೊಮ್ಮಗಳನ್ನು ತೂಗಲು ಅಜ್ಜ ಉಳಿದಿದ್ದರಲ್ಲ!

ಅಕ್ಕಂದಿರೇ, ಅಣ್ಣಂದಿರೇ, ಏಣಿ ಹತ್ತುವ ಮುಂಚೆ ಅದರ ಕಾಲು ಎಲ್ಲಿದೆ ನೋಡಿ. ಚೀಲ, ಹಸಿ ಸೆಗಣಿ, ನುಣುಪು ಬಂಡೆಯ ಮೇಲೆ ಇಡಬೇಡಿ. ತುದಿ ಕಟ್ಟಿ, ಕೈ ಖಾಲಿ ಇಟ್ಟುಕೊಂಡು ಹತ್ತಿ. ನನ್ನ ಅಂಗಳದಲ್ಲಿ ಆ ಎರಡು ಗುಣಿ ಇನ್ನೂ ಇವೆ. ನಾನು ಅವನ್ನು ಬಿಟ್ಟೇ ಸಾರಿಸುತ್ತೇನೆ.