ಆಮೆಗೆ ಬಸ್ಸು ನಿಲ್ಲಿಸಿದವನು

ಶವವಾಹನದ ಹಿಂಬಾಗಿಲು ಹಾಕುತ್ತಿದ್ದಾಗಲೇ, ಕೊಳ ಕಾಯುವ ಗುಂಪಿನಲ್ಲಿದ್ದ ದರ್ಜಿಯ ಫೋನು ಬಡಿದುಕೊಂಡಿತು. ಕೇಳಿಸಿಕೊಂಡವನ ಮುಖ ಕಪ್ಪಿಟ್ಟಿತು. ಕೊಳದ ಬಳಿ ಮಣ್ಣು ತುಂಬಿದ ಲಾರಿಗಳು ಬಂದಿವೆಯಂತೆ.

ಕೊಳ ಮುಚ್ಚಬಾರದೆಂಬ ಅರ್ಜಿ ನಾಳೆ ನ್ಯಾಯಾಲಯದ ಮುಂದೆ ಬರುವುದಿತ್ತು. ಇವತ್ತೇ ಮುಚ್ಚಿಬಿಟ್ಟರೆ ನಾಳೆ ಕಾಪಾಡಲು ಉಳಿಯುವುದೇನು? ಕೊಳ ಕಾಯುವವರೆಲ್ಲ ತಮ್ಮ ಹಿರಿಯನ ಅಂತ್ಯಕ್ರಿಯೆಗೆ ಹೋಗಿರುತ್ತಾರೆ, ಅಲ್ಲಿ ಹೇಳುವವರು ಕೇಳುವವರು ಇರುವುದಿಲ್ಲ ಎಂದು ಗುತ್ತಿಗೆದಾರ ಲೆಕ್ಕ ಹಾಕಿದ್ದ. ಸಾವಿನಲ್ಲೂ ಬೇಳೆ ಬೇಯಿಸಿಕೊಳ್ಳುವ ಜನ.

ನೀವು ಮುಂದೆ ಹೋಗಿ, ನಾವು ನಾಲ್ಕು ಮಂದಿ ಅಲ್ಲಿಗೆ ಹೋಗುತ್ತೇವೆ ಎಂದು ದರ್ಜಿ ತೀರಿಕೊಂಡವನ ಹೆಂಡತಿಗೆ ಹೇಳಿದ. ಅವಳೆದುರು ಕೊಳದ ಮಾತೆತ್ತಲು ಎಲ್ಲರಿಗೂ ಅಳುಕು. ಬಸ್ ಚಾಲಕನಾಗಿದ್ದ ಗಂಡ ರಜೆಯನ್ನೆಲ್ಲ ಅಲ್ಲೇ ಕಳೆಯುತ್ತಿದ್ದ. ಹರಿದ ಬಲೆ ಎಳೆದು ಹಾಕುತ್ತ, ಆಮೆ ಮೊಟ್ಟೆಯಿಟ್ಟ ದಂಡೆಗೆ ಬೇಲಿ ಕಟ್ಟುತ್ತ. ಕೊಳ ನನ್ನ ಸವತಿ ಎಂದು ಅವಳು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಅದರಲ್ಲಿ ಅರ್ಧ ತಮಾಷೆ, ಅರ್ಧ ನಿಜವಾದ ಸಂಕಟ.

*

ವರ್ಷಗಳ ಹಿಂದೆ ಅವಳು ಅವನನ್ನು ಮೊದಲು ನೋಡಿದ್ದೇ ಜಗಳದಲ್ಲಿ. ಬಿಸ್ಕತ್ತು ಕಾರ್ಖಾನೆಯ ಪಾಳಿಗೆ ಹೊರಟಿದ್ದಳು. ಕೊಳದ ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತಿತು. ಚಾಲಕ ಎಂಜಿನ್ ಆರಿಸಿ, ಕೀಲಿಕೈ ಜೇಬಿಗಿಳಿಸಿ, ಕೆಳಗಿಳಿದು ರಸ್ತೆ ನಡುವೆ ನಿಂತ. ಅವನ ಮುಂದೆ ಆಮೆಯೊಂದು ಮಂಡಿನೋವಿನ ಅಜ್ಜಿಯ ಹಾಗೆ ರಸ್ತೆ ದಾಟುತ್ತಿತ್ತು.

"ಅದಕ್ಕೇನು ಟಿಕೆಟ್ ಕೊಟ್ಟಿದ್ದೀರಾ?" ಅವಳು ಕಿಟಕಿಯಿಂದ ರೇಗಿದಳು. "ಕೀಲಿಕೈ ಯಾಕ್ರೀ ಕಿತ್ಕೊಂಡ್ರಿ, ನಾವೇನು ಬಸ್ ಓಡಿಸ್ಕೊಂಡು ಹೋಗ್ತೀವಾ?"

"ಕೀಲಿಕೈ ಗಾಡೀಲೇ ಇದ್ರೆ, ನೀವು ಬೈಯೋದು ಕೇಳಿ ನಾನೇ ಹೊರಟುಬಿಡ್ತೀನಿ."

ಅವತ್ತು ಪಾಳಿ ತಪ್ಪಿತು, ಬೈಗುಳವೂ ಸಿಕ್ಕಿತು. ಮರುದಿನ ಬೇರೆ ಬಸ್ಸು ಬಂದರೂ ಹತ್ತದೆ ಅವನ ಬಸ್ಸಿಗೇ ಕಾದಳು.

*

"ಎಲ್ಲರೂ ಅಲ್ಲಿಗೇ ಹೋಗೋಣ," ಎಂದಳು ಹೆಂಡತಿ. "ಇವರನ್ನೂ ಕರ್ಕೊಂಡು."

ಮಗಳು ಗಾಬರಿಯಾದಳು. ಅಪ್ಪನನ್ನು ಬೀದಿಯಲ್ಲಿ ನಿಲ್ಲಿಸಿದರೆ ಜನ ಆಡಿಕೊಳ್ಳುವುದಿಲ್ಲವೇ ಎಂದಳು.

"ಬದುಕಿದ್ದಾಗಲೂ ಆಡ್ಕೊಂಡ್ರು. ನಿಮ್ಮಪ್ಪ ಏನಾದ್ರೂ ದಾರಿ ಬಿಟ್ರಾ?"

ಕೊಳದ ದಂಡೆಯಲ್ಲಿ ಮೊದಲ ಲಾರಿ ಹಿಂದೆ ಸರಿಯುತ್ತ ಮಣ್ಣು ಸುರಿಯಲು ಸಜ್ಜಾಗುತ್ತಿತ್ತು. ಶವವಾಹನ ಲಾರಿಗೂ ನೀರಿಗೂ ನಡುವೆ ನುಗ್ಗಿ ಅಡ್ಡ ನಿಂತಿತು. ಹಿಂದೆ ಬಂದವರೆಲ್ಲ ಇಳಿದು ಅದರ ಆಚೀಚೆ ಒತ್ತಾಗಿ ನಿಂತರು, ಮಗಳೂ ನಿಂತಳು. ಗುತ್ತಿಗೆದಾರ ಓಡಿಬಂದು ಮೊದಲು ಸಂತಾಪ ಹೇಳಿದ, ಆಮೇಲೆ ಪೊಲೀಸರನ್ನು ಕರೆಸುತ್ತೇನೆಂದ. ಹೆಂಡತಿಗೆ ಬೆಳಗಿನಿಂದ ಬಾರದ ಅಳು ಈಗ ಒತ್ತಿ ಬಂತು. ಅದರ ಜೊತೆ ಸಿಟ್ಟೂ ಬಂತು, ಸಿಟ್ಟೇ ಗೆದ್ದಿತು.

ಅವಳ ಪಕ್ಕ ಕೂತಿದ್ದ ಶವವಾಹನದ ಚಾಲಕ ಬಡಪಾಯಿ. ಎಂಜಿನ್ ಇನ್ನೂ ಆರಿಸಿರಲಿಲ್ಲ.

"ಅಮ್ಮಾ, ನನ್ನ ಕೆಲಸ ಹೋಗುತ್ತೆ. ಎಷ್ಟು ಹೊತ್ತು ಹೀಗೆ?"

"ನಾಳೆ ನ್ಯಾಯಾಲಯ ಬಾಗಿಲು ತೆಗೆಯೋವರೆಗೆ. ಯಾರಾದ್ರೂ ಕೇಳಿದ್ರೆ ಮುದುಕಿ ಕಿತ್ಕೊಂಡ್ಲು ಅನ್ನು."

ಅವಳು ಕೈ ಚಾಚಿ ಎಂಜಿನ್ ಆರಿಸಿದಳು. ಕೀಲಿಕೈಯನ್ನು ಕೈಚೀಲಕ್ಕೆ ಹಾಕಿ, ಜಿಪ್ಪೆಳೆದು, ಕೆಳಗಿಳಿದು ಲಾರಿಯ ಎದುರು ನಿಂತಳು.