ಬೆಂಕಿಪೊಟ್ಟಣದ ದಾರಗಳು

"ಕೆಳಗಿಂದ ಹಿಡ್ಕೊಳ್ಳಿ, ಎಡಗಡೆ ಕಾಲು ಮುರಿದಿದೆ!"

ಹಾಗೆಂದು ಕೂಗಿದ್ದು ಮನೆಯವರಲ್ಲ, ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಒಳಗೆ ಮಲಗಿಸಿದ್ದ ಹಡಗಣ್ಣನನ್ನು ಹೊರಗೆ ತರಲು ದಾರಿ ಸಾಲದೆಂದು, ಗೋಡೆಗೆ ಒರಗಿ ಬೆಡ್‌ಶೀಟು ಹೊದ್ದು ನಿಂತಿದ್ದ ಹಳೆಯ ಹೊಲಿಗೆ ಯಂತ್ರವನ್ನು ಅಳಿಯನೂ ಶವವಾಹನದ ಡ್ರೈವರೂ ಎತ್ತಲು ಬಾಗಿದ್ದರು. ಡ್ರೈವರು ಬೆಡ್‌ಶೀಟು ಸರಿಸಿ ನೋಡಿದ. ಎಡಗಾಲು ಮುರಿದಿತ್ತು, ಅದಕ್ಕೆ ತಂತಿ ಸುತ್ತಿತ್ತು.

ಹಡಗಣ್ಣನ ಹೆಂಡತಿಯ ಅಳು ಅಲ್ಲಿಗೇ ನಿಂತಿತು. ಬೆಡ್‌ಶೀಟಿನೊಳಗಿನ ಕಾಲು ಮುರಿದಿದ್ದು ಇವಳಿಗೆ ಹೇಗೆ ಗೊತ್ತು? ಈ ಮನೆಯ ಹೊಸ್ತಿಲು ತುಳಿದದ್ದೇ ಇವತ್ತು.

"ಯಾರೇ ಅವಳು?" ಎಂದು ಪಕ್ಕದಲ್ಲಿದ್ದ ಮಗಳ ತೊಡೆ ಚಿವುಟಿದಳು.

"ಟೈಲರಂತೆ. ಅಪ್ಪನ ಆಫೀಸಿಗೆ ಬರ್ತಿದ್ದವರು. ಅಮ್ಮಾ, ಇವತ್ತೊಂದು ದಿನ ಸುಮ್ನಿರು."

"ಹತ್ತೊಂಬತ್ತು ವರ್ಷದಿಂದ ಸುಮ್ನೆ ತಾನೆ ಇದ್ದೀನಿ?"

ಅದು ಶುದ್ಧ ಸುಳ್ಳು. ಹಾಲಿನವನು ಕೊಂಚ ನಕ್ಕರೆ ಸಾಕು, ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದು ಅನುಮಾನಿಸುವ ಜೀವ ಅದು.

*

ಹಡಗಣ್ಣ ಬಂದರಿನಲ್ಲಿ ಕ್ಲಿಯರಿಂಗ್ ಏಜೆಂಟು. ಹೊರದೇಶದಿಂದ ಸರಕು ತರಿಸುವವರ ಕಾಗದಪತ್ರ ನೋಡುವುದು, ಈ ವ್ಯಾಪಾರಕ್ಕೆ ಹೊಸದಾಗಿ ಕೈ ಹಾಕಿದವರಿಗೆ ಅದರ ಒಳಹೊರಗು ತಿಳಿಸಿಕೊಡುವುದು ಅವನ ಕೆಲಸ. ಹಡಗಿನ ಬಾಡಿಗೆ, ವಿಮೆ, ಅಪಾಯ ಯಾರ ಪಾಲಿಗೆಂದು ಹೇಳುವ ಎಫ್‌ಓಬಿ, ಸಿಐಎಫ್ ಎಂಬ ಅಕ್ಷರಗಳು ಊಟದ ಹೊತ್ತಿಗೂ ಅವನ ಬೆನ್ನು ಬಿಡುತ್ತಿರಲಿಲ್ಲ. ಮಗಳ ಮದುವೆಯಲ್ಲಿ ಬೀಗರ ಮುಂದೆ ನಿಂತು, "ಕಾರಿನ ಬಾಡಿಗೆ ನಮ್ಮದೇ, ಆದ್ರೆ ಹುಡುಗಿ ಕಾರು ಹತ್ತಿದ ಮೇಲೆ ಜವಾಬ್ದಾರಿ ನಿಮ್ಮದು" ಎಂದು ಎಲ್ಲರನ್ನೂ ನಗಿಸಿದ್ದ. "ನನ್ನ ಗಂಡ ಕಾಗದದಲ್ಲಿ ಒಂದೇ ಒಂದು ತಪ್ಪು ಮಾಡಿದವರಲ್ಲ" ಎಂದು ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅವನ ಕೆಲಸದ ಮೇಲೆ ಅವಳಿಗೆ ಎಂದೂ ಅನುಮಾನ ಬಂದಿರಲಿಲ್ಲ.

ಬಂದದ್ದು ಗುರುವಾರಗಳ ಮೇಲೆ. ಗುರುವಾರ ಸಂಜೆ ಎರಡು ಗಂಟೆ ತಡವಾಗಿ ಬರುತ್ತಿದ್ದ. ಶರ್ಟಿನ ತೋಳಿಗೆ ದಾರದ ಚೂರು ಅಂಟಿರುತ್ತಿತ್ತು. ಒಂದು ವಾರ ನೀಲಿ, ಒಂದು ವಾರ ಕೆಂಪು. ಕೇಳಿದರೆ, "ಬಸ್ಸಲ್ಲಿ ಯಾರದೋ ತಾಗಿರಬೇಕು." ಅವಳು ಜಗಳವಾಡಿದಳು, ಮಾತು ಬಿಟ್ಟಳು, ತವರಿಗೆ ಹೋಗಿ ತಾನಾಗಿಯೇ ತಿರುಗಿ ಬಂದಳು. "ಹೇಳಿಬಿಡಿ, ಯಾರವಳು?" ಎಂದರೆ ಅವನು ತಲೆ ತಗ್ಗಿಸಿ ಕೂತನೇ ಹೊರತು ಬಾಯಿ ಬಿಡಲಿಲ್ಲ. ಆಮೇಲೆ ಒಂದು ದಿನ ತುಕ್ಕು ಹಿಡಿದ ಆ ಯಂತ್ರವನ್ನು ತಂದು ಗೋಡೆಗೆ ಒರಗಿಸಿದ. ಭಾನುವಾರ ಬಂತೆಂದರೆ ಅದಕ್ಕೆ ಎಣ್ಣೆ ಬಿಡುತ್ತಿದ್ದ. ಚಕ್ರ ಮಾತ್ರ ಒಮ್ಮೆಯೂ ತಿರುಗಲಿಲ್ಲ. ಅವಳು ದಾರದ ಚೂರುಗಳನ್ನೆಲ್ಲ ಒಂದು ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತ ಬಂದಳು. ಮುಂದೊಂದು ದಿನ ಸಾಕ್ಷಿ ಬೇಕಲ್ಲ.

*

"ಸ್ವಲ್ಪ ಒಳಗೆ ಬನ್ನಿ" ಎಂದು ಟೈಲರಮ್ಮನನ್ನು ಅಡುಗೆಮನೆಗೆ ಕರೆದು ಹೆಂಡತಿ ಬಾಗಿಲು ಹಾಕಿಕೊಂಡಳು. ಬೆಂಕಿಪೊಟ್ಟಣ ತೆರೆದು ಕಟ್ಟೆಯ ಮೇಲೆ ಇಟ್ಟಳು.

"ಇದು ನಿಮ್ಮ ಮನೇದಾ?"

ಟೈಲರಮ್ಮ ಬಗ್ಗಿ ನೋಡಿದಳು. "ಹೌದಕ್ಕ. ಈ ನೀಲಿ ಸ್ಕೂಲ್ ಯೂನಿಫಾರ್ಮಿಂದು. ಕೆಂಪು ಪರದೆಗಳದ್ದು."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾಳೆಂದು ಹೆಂಡತಿ ಎಣಿಸಿರಲಿಲ್ಲ. ಪೊಟ್ಟಣವನ್ನು ತನ್ನ ಕಡೆಗೆ ಎಳೆದುಕೊಂಡಳು. "ಅಂದ್ರೆ ಪ್ರತಿ ಗುರುವಾರ ನಿಮ್ಮಲ್ಲಿಗೇ ಬರ್ತಿದ್ರು."

"ಬರ್ತಿದ್ರು. ಆದ್ರೆ ನೀವು ಅಂದ್ಕೊಂಡಿರೋದಕ್ಕಲ್ಲ ಅಕ್ಕ."

*

ಹತ್ತೊಂಬತ್ತು ವರ್ಷದ ಹಿಂದೆ ಟೈಲರಮ್ಮ ಹೊರದೇಶದಿಂದ ಹನ್ನೆರಡು ಹಳೆಯ ಹೊಲಿಗೆ ಯಂತ್ರ ತರಿಸಲು ಹೊರಟು, ಕಾಗದ ಹಿಡಿದು ಹಡಗಣ್ಣನ ಮೇಜಿನ ಮುಂದೆ ನಿಂತಿದ್ದಳು. ಕಾಗದದಲ್ಲಿ ಸಿ ಅಂಡ್ ಎಫ್ ಎಂದಿತ್ತು.

"ಹಂಗಂದ್ರೇನಣ್ಣ?"

"ನಮ್ಮ ಬಂದರಿನ ತನಕ ಹಡಗಿನ ಬಾಡಿಗೆ ಮಾರುವವನದು."

"ನಡುವೆ ಸಮುದ್ರದಲ್ಲಿ ಏನಾದ್ರೂ ಆದ್ರೆ?"

ಮೇಜಿನ ಮೇಲೆ ಹದಿನೈದು ಫೈಲುಗಳಿದ್ದವು. ಅವನು ತಲೆಯೆತ್ತಲಿಲ್ಲ. "ಅದೂ ಅವನ ತಲೆನೋವೇ. ವಿಮೆ ಗಿಮೆ ಬೇಡ ಹೋಗು."

ಅದು ತಪ್ಪು. ಬಾಡಿಗೆ ಯಾರೇ ಕೊಡಲಿ, ಆಚೆ ದಡದಲ್ಲಿ ಸರಕು ಹಡಗು ಹತ್ತಿತೆಂದರೆ ಅದರ ಅಪಾಯವೆಲ್ಲ ಕೊಂಡವರದು. ಎಷ್ಟೋ ವರ್ಷದ ಮೇಲೆ ಬೀಗರ ಮುಂದೆ ತಮಾಷೆಗೆ ನೆನಪಾಗಲಿದ್ದ ಮಾತು ಅವತ್ತು ಮೇಜಿನ ಮುಂದೆ ಮರೆತುಹೋಗಿತ್ತು. ದಾರಿಯಲ್ಲಿ ಪೆಟ್ಟಿಗೆಗೆ ಉಪ್ಪುನೀರು ನುಗ್ಗಿ ಹನ್ನೆರಡೂ ಯಂತ್ರಗಳು ತುಕ್ಕು ಹಿಡಿದು ಬಂದವು. ಮಾರಿದವನು ಕೈ ತೊಳೆದುಕೊಂಡ.

*

"ಆ ವಾರದ ಗುರುವಾರ ಸೀಮೆಎಣ್ಣೆ, ಉಪ್ಪುಕಾಗದ ಹಿಡ್ಕೊಂಡು ನನ್ನ ಅಂಗಡಿಗೆ ಬಂದ್ರು" ಎಂದಳು ಟೈಲರಮ್ಮ. "ಒಂದೊಂದೇ ಬಿಚ್ಚಿ ಉಜ್ಜಿದ್ರು. ಹನ್ನೊಂದು ಹೊಲಿಯೋ ಹಾಗಾಯ್ತು. ಉಪ್ಪುನೀರು ಕುಡಿದ ಕಬ್ಬಿಣ ನೋಡಿ, ಮತ್ತೆ ಮತ್ತೆ ಕೆಡೋದು, ಮತ್ತೆ ಮತ್ತೆ ಬರೋರು. ಹನ್ನೆರಡನೇದು ಮಾತ್ರ ಜಪ್ಪಯ್ಯ ಅನ್ಲಿಲ್ಲ. ಅದರ ಕಾಲಿಗೆ ತಂತಿ ಸುತ್ತಿದ್ದು ನಾನೇ. 'ಇದು ನನ್ನ ಪಾಲಿಗಿರಲಿ' ಅಂತ ತಂದ್ಬಿಟ್ರು."

"ನನಗೊಂದು ಮಾತು ಹೇಳಿದ್ರೆ ಏನು ಗಂಟು ಹೋಗ್ತಿತ್ತು?" ಹೆಂಡತಿ ಬೆಂಕಿಪೊಟ್ಟಣ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಯಾರನ್ನೋ ಇಟ್ಕೊಂಡಿದ್ದೀರಿ ಅಂತ ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ಅದನ್ನೂ ಕೇಳಿಸ್ಕೊಂಡು ಕೂತಿದ್ರಲ್ಲ!"

"ನಾನೂ ಹೇಳ್ದೆ, ಮನೇಲಿ ತಿಳಿಸಿ ಅಂತ. 'ಅವಳಿಗೆ ನನ್ನ ಎಲ್ಲದರ ಮೇಲೂ ಅನುಮಾನ. ನನ್ನ ಕೆಲಸ ಒಂದನ್ನೇ ನಂಬಿರೋದು. ಅದೊಂದಾದ್ರೂ ಇರಲಿ ಬಿಡು' ಅಂದ್ರು."

ಹೆಂಡತಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಬೆಳಗ್ಗಿನಿಂದ ನೆಂಟರ ಎದುರು ಅತ್ತದ್ದಕ್ಕಿಂತ ಬೇರೆಯದೇ ಒಂದು ಅಳು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತಳು. ಆದರೂ ಬೆರಳ ಸಂದಿಯಿಂದ ಟೈಲರಮ್ಮನ ಮುಖವನ್ನು ಒಮ್ಮೆ ನೋಡಿಕೊಂಡಳು.

ಹೊರಗೆ ಡ್ರೈವರು ಹಾರ್ನ್ ಒತ್ತಿದ. ಹಡಗಣ್ಣನನ್ನು ವಾಹನಕ್ಕೆ ಏರಿಸಿದರು. ಪಕ್ಕದ ಉದ್ದ ಸೀಟಿನಲ್ಲಿ ಹೆಂಡತಿ, ಮಗಳು, ಅಳಿಯ ಕುಳಿತರು. ಟೈಲರಮ್ಮ ಕಾಂಪೌಂಡಿನ ಗೋಡೆ ಹಿಡಿದು ದೂರ ನಿಂತಿದ್ದಳು.

"ಮನೆಯವರು ಎಲ್ಲ ಹತ್ತಿದ್ರಾ?" ಎಂದ ಡ್ರೈವರು.

"ಇಲ್ಲ, ತಾಳಪ್ಪ." ಹೆಂಡತಿ ಹೊರಗೆ ಇಣುಕಿದಳು. "ಏನೇ, ಅಲ್ಲೇ ನಿಂತೆ? ಹತ್ತು."

ಟೈಲರಮ್ಮ ಹತ್ತಿ ಪಕ್ಕದಲ್ಲಿ ಮುದುಡಿ ಕುಳಿತಳು. ವಾಹನ ಹೊರಟಿತು. ಅವಳ ತೋಳಿಗೆ ಅಂಟಿದ್ದ ನೀಲಿ ದಾರದ ಚೂರೊಂದನ್ನು ಹೆಂಡತಿಯ ಬೆರಳುಗಳು ಅಭ್ಯಾಸಬಲದಿಂದ ಕಿತ್ತವು. ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ತೆರೆದು, ಕಿಟಕಿಯ ಬೆಳಕಿಗೆ ಹಿಡಿದು, ಹಳೆಯ ನೀಲಿಯ ಪಕ್ಕದಲ್ಲಿಟ್ಟು ನೋಡಿದಳು. ಬಣ್ಣ ಹೊಂದಿತು. ಪೊಟ್ಟಣ ಮುಚ್ಚಿ ಗಂಡನ ಶರ್ಟಿನ ಜೇಬಿಗೆ ಹಾಕಿ, ವಾಹನ ಕುಲುಕಿದಾಗ ಜಾರಿ ಬೀಳದಂತೆ ಅದರ ಮೇಲೆ ಅಂಗೈಯಿಟ್ಟು ಕುಳಿತಳು.